ನಮ್ಮ ಪೇಟೆಯ ಹೋಟೆಲಿನವರು

ರಾಜರ ಚರಿತ್ರೆಯನ್ನು ಬರೆಯುವವರಿಗೆ ಶಾಸನಗಳಿವೆ. ಕವಿಗಳ ಚರಿತ್ರೆಯನ್ನು ಬರೆಯುವವರಿಗೆ ಓಲೆಗರಿಗಳಿವೆ. ಹೋಟೆಲಿನವರ ಚರಿತ್ರೆಯನ್ನು ಬರೆಯಲು ಹೊರಟವನಿಗೆ ಏನಿದೆ? ಗೆದ್ದಲಿನ ಬಾಯಿಂದ ಉಳಿದ ಸಾಲದ ಪುಸ್ತಕ ಒಂದೋ ಎರಡೋ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗಿದ್ದರೂ ದಕ್ಷಿಣ ಕನ್ನಡ ಜಿಲ್ಲೆಯ ಕಳೆದ ನೂರು ವರ್ಷಗಳ ಕಥೆಯನ್ನು ಹೋಟೆಲನ್ನು ಬಿಟ್ಟು ಹೇಳಹೊರಟರೆ ಅದು ಉಪ್ಪಿಲ್ಲದ ಸಾರಿನಂತಾದೀತು. ಈ ಜಿಲ್ಲೆಯಿಂದ ಹೊರಟ ಬಡ ಹುಡುಗರು ಮದರಾಸು, ಬೆಂಗಳೂರು, ಮುಂಬಯಿಗಳಿಗೆ ಉಣ್ಣಿಸಿದರು. ಅವರು ಕಳುಹಿಸಿದ ಮನಿಯಾರ್ಡರಿನಿಂದ ಇಲ್ಲಿಯ ಮನೆಗಳ ಒಲೆ ಉರಿಯಿತು. ಇದು ಎಲ್ಲರಿಗೂ ತಿಳಿದ ಮಾತು. ಆದರೆ ಊರು ಬಿಟ್ಟು ಹೋದವರ ಕಥೆಯನ್ನು ಮಾತ್ರ ನಾವು ಹೇಳುತ್ತೇವೆ. ಹೋಗಿ ಹಿಂತಿರುಗಿ ಬಂದು, ಸಣ್ಣ ಪೇಟೆಯೊಂದರಲ್ಲಿ ಒಲೆ ಹಾಕಿ ಕೂತವರ ಕಥೆ ಬೇರೆಯೇ ಒಂದು ವಿಷಯವನ್ನು ಹೇಳುತ್ತದೆಂದು ನನ್ನ ಅನುಭವ. ಅದನ್ನೇ ಇಲ್ಲಿ ವಾಚಕರ ಮುಂದೆ ಇಡಬೇಕೆಂದಿದ್ದೇನೆ.

ನಮ್ಮ ಬೆಳ್ತಂಗಡಿ ದೊಡ್ಡ ಊರೇನಲ್ಲ. ಸೋಮಾವತಿ ಹೊಳೆಯ ದಂಡೆಯ ಮೇಲೆ, ಮಂಗಳೂರಿನಿಂದ ಚಾರ್ಮಾಡಿ ಘಾಟಿಗೆ ಹೋಗುವ ದಾರಿಯಲ್ಲಿ, ಗಡಾಯಿಕಲ್ಲನ್ನು ನೋಡುತ್ತ ಕೂತ ಒಂದು ತಾಲೂಕು ಪೇಟೆ. ಘಟ್ಟ ಇಳಿದು ಧರ್ಮಸ್ಥಳಕ್ಕೆ ಬರುವವರು, ಅಡಿಕೆ ಮಾರಲು ಬಂದವರು, ಕೋರ್ಟು ಕಚೇರಿಗೆಂದು ಬಂದು ದಿನವೆಲ್ಲ ಕಾದವರು, ಇವರೇ ಇಲ್ಲಿಯ ಹೋಟೆಲುಗಳ ಗಿರಾಕಿಗಳು. ಬಸ್ಸು ನಿಲ್ಲುವಲ್ಲಿಗೆ ಸಮೀಪವಾಗಿ ಒಂದು ಹೋಟೆಲಿತ್ತು. ಅದರ ಯಜಮಾನರು ತೊಂಬತ್ತು ದಾಟಿ ಬದುಕಿದರು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಪೇಟೆಯೆಲ್ಲ ಕರೆಯುತ್ತಿದ್ದಂತೆ ‘ಭಟ್ಟರು’ ಎಂದರೆ ಸಾಕು. ಹುಡುಗನಾಗಿದ್ದಾಗ ಅಜ್ಜನ ಜೊತೆಗೂ, ಮುಂದೆ ಶಾಲೆಯ ಮಾಸ್ತರನಾದ ಮೇಲೆ ಒಬ್ಬನೇ ಆಗಿಯೂ ನಾನು ಅಲ್ಲಿ ಕುಡಿದ ಕಾಫಿಗೆ ಲೆಕ್ಕವಿಲ್ಲ.

ಭಟ್ಟರಂಥವರು ಹೋಟೆಲಿಗೆ ಹೋದುದೇಕೆ? ಮನೆ ತುಂಬ ಮಕ್ಕಳು, ಗದ್ದೆ ಮಾತ್ರ ಅಂಗೈಯಗಲ. ಪೌರೋಹಿತ್ಯ ಮಾಡಿದರೆ ಸಿಗುವುದು ಒಂದು ಸೇರು ಅಕ್ಕಿ, ಎರಡು ತೆಂಗಿನಕಾಯಿ. ಇದರ ಮೇಲೆ 1923ರ ಮಹಾನೆರೆ. ಆ ವರ್ಷ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದುದನ್ನು ಮುದುಕರು ಬಹುಕಾಲದವರೆಗೆ ವರ್ಷದ ಹೆಸರಾಗಿಯೇ ಹೇಳುತ್ತಿದ್ದರು: ‘ಅವನು ಹುಟ್ಟಿದ್ದು ಬೊಳ್ಳದ ಹಿಂದಿನ ವರ್ಷ’ ಎನ್ನುವ ಹಾಗೆ. ತುಳುವಿನಲ್ಲಿ ಬೊಳ್ಳವೆಂದರೆ ನೆರೆ. ಭಟ್ಟರಿಗೆ ಆಗ ಹನ್ನೆರಡು ವರ್ಷ. ಹೊಳೆಯ ಬದಿಯ ಗದ್ದೆಯ ಮೇಲೆ ಮರಳು ಬಂದು ಕೂತಿತು. ಮರುವರ್ಷ ಹುಡುಗನನ್ನು ಮಂಗಳೂರಿನ ಹೋಟೆಲೊಂದಕ್ಕೆ ಕಳುಹಿಸಿದರು.

ಮಂಗಳೂರಿನಿಂದ ಮುಂದಿನ ದಾರಿ ಮದರಾಸಿನದು. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಜಮೀನಿನ ವ್ಯಾಜ್ಯದ ಕೊನೆಯ ಅಪೀಲು, ಕಾಲೇಜಿನ ಪರೀಕ್ಷೆ ಎಲ್ಲವೂ ಅಲ್ಲಿಯೇ. 1907ರಲ್ಲಿ ಮಂಗಳೂರಿಗೆ ರೈಲು ಬಂದಾಗ ಅದು ಬಂದದ್ದೂ ಮಲೆಯಾಳದ ಕಡೆಯಿಂದ, ಮದರಾಸಿನ ದಾರಿಯಲ್ಲಿ. ಘಟ್ಟ ಹತ್ತಿ ಹಾಸನಕ್ಕೆ ಹೋಗುವ ರೈಲನ್ನು ನಾವು ಕಂಡದ್ದು 1979ರಲ್ಲಿ. ಆದುದರಿಂದ ಹತ್ತಿರದ ಮೈಸೂರಿಗಿಂತ ದೂರದ ಮದರಾಸೇ ನಮಗೆ ಹತ್ತಿರವಾಗಿತ್ತು.

ಅಂದು ಹೋದವರಲ್ಲಿ ಎಲ್ಲರಿಗಿಂತ ಹೆಸರಾದವರು ಮೂಡುಬಿದಿರೆಯ ಸಮೀಪದ ಕಡಂದಲೆಯವರು. ಕೆ. ಕೃಷ್ಣರಾಯರು ಹುಟ್ಟಿದ್ದು 1898ರಲ್ಲಿ, ಬಡ ಮನೆಯಲ್ಲಿ. ಓದು ಹೆಚ್ಚು ನಡೆಯಲಿಲ್ಲ. ಉಡುಪಿಯ ಮಠದಲ್ಲಿ ಅಡಿಗೆಯವರ ಕೈಕೆಳಗೆ ದುಡಿದರು. ಹೋಟೆಲಿನ ವಿದ್ಯೆಗೆ ಆ ಕಾಲದಲ್ಲಿ ಬೇರೆ ಕಾಲೇಜು ಇರಲಿಲ್ಲವಷ್ಟೆ! ನೂರಾರು ಎಲೆಗೆ ಹೊತ್ತಿಗೆ ಸರಿಯಾಗಿ ಹುಳಿ, ಸಾರು, ಪಲ್ಯ ಇಳಿಸುವುದು, ಮಡಿಯಲ್ಲಿ ದುಡಿಯುವುದು, ರುಬ್ಬುವ ಕಲ್ಲಿನ ಮುಂದೆ ರಟ್ಟೆ ಸೋತರೂ ಏಳದಿರುವುದು, ಇದನ್ನೆಲ್ಲ ಮಠದ ಅಡಿಗೆಶಾಲೆ ಕಲಿಸಿತು. 1920ರ ದಶಕದಲ್ಲಿ ಅವರು ಮದರಾಸು ಸೇರಿದರು. ಜಾರ್ಜ್‌ಟೌನಿನ ಆಚಾರಪ್ಪನ್ ಬೀದಿಯ ಸಣ್ಣ ಹೋಟೆಲೊಂದನ್ನು ಕಂತಿನ ಮೇಲೆ ಕೊಂಡು ಯಜಮಾನರಾದರು. ಆ ಬಳಿಕ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರಿಗೆ ಸೇರಿದ ‘ವುಡ್‌ಲ್ಯಾಂಡ್ಸ್’ ಎಂಬ ಬಂಗಲೆಯನ್ನು ಗೇಣಿಗೆ ಹಿಡಿದು ವಸತಿಯ ಹೋಟೆಲು ತೆರೆದರು. ಬಂಗಲೆಯ ಆ ಇಂಗ್ಲಿಷ್ ಹೆಸರೇ ಮುಂದೆ ಇಡ್ಲಿ ದೋಸೆಗಳ ಹೆಸರಾಗಿ ಸಮುದ್ರದಾಚೆಗೂ ಹೋಯಿತು. 1952ರಲ್ಲಿ ಮೈಲಾಪುರದಲ್ಲಿ ನ್ಯೂ ವುಡ್‌ಲ್ಯಾಂಡ್ಸ್, 1962ರಲ್ಲಿ ಕಾರಿನಲ್ಲಿ ಕೂತೇ ತಿನ್ನಬಹುದಾದ ಡ್ರೈವ್-ಇನ್. ಮಸಾಲೆದೋಸೆಯನ್ನು ಲೋಕಪ್ರಸಿದ್ಧ ಮಾಡಿದವರೇ ಅವರು ಎನ್ನುವವರುಂಟು. ಮಠದ ರುಬ್ಬುವ ಕಲ್ಲಿನಿಂದ ಅಲ್ಲಿಯವರೆಗೆ ಒಂದೇ ಆಯುಷ್ಯದಲ್ಲಿ ನಡೆದ ಅವರು ತೀರಿಕೊಂಡದ್ದು 1990ರಲ್ಲಿ, ತೊಂಬತ್ತು ದಾಟಿದ ಮೇಲೆ.

ಅವರೊಬ್ಬರೇ ಅಲ್ಲ. ಕೋಟದ ಸಮೀಪದ ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ್ದು ಇಂದಿನ ಮಾವಳ್ಳಿ ಟಿಫಿನ್ ರೂಮ್ಸ್. ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಊಟದ ಹೋಟೆಲು ತೆರೆದರು. ಬಂಟರು, ಗೌಡ ಸಾರಸ್ವತರು, ಶಿವಳ್ಳಿಯವರು, ಕೋಟದವರು, ಒಬ್ಬೊಬ್ಬರೂ ಒಂದೊಂದು ದಿಕ್ಕು ಹಿಡಿದರು. ಹೊರಗಿನವರು ಎಲ್ಲಕ್ಕೂ ‘ಉಡುಪಿ ಹೋಟೆಲು’ ಎಂಬ ಒಂದೇ ಹೆಸರಿಟ್ಟರು. ಮಾಣಿ ಎಂಬ ಮಾತಿನ ಗತಿಯನ್ನೇ ನೋಡಿ. ನಮ್ಮ ಕಡೆ ಉಪನಯನವಾದ ಹುಡುಗನನ್ನು ಅಕ್ಕರೆಯಿಂದ ಮಾಣಿ ಎನ್ನುತ್ತಿದ್ದರು. ಅವನು ಘಟ್ಟ ಹತ್ತಿ ಹೋಟೆಲಿನಲ್ಲಿ ತಟ್ಟೆ ಹಿಡಿದು ನಿಂತ. ಕನ್ನಡ ನಾಡಿನಲ್ಲೆಲ್ಲ ‘ಮಾಣಿ’ ಎಂದರೆ ತಿಂಡಿ ತಂದಿಡುವವನೆಂದೇ ಅರ್ಥವಾಯಿತು. ತಾಯಿ ಕರೆದ ಹೆಸರಿನಿಂದ ಗಿರಾಕಿಗಳು ಕರೆದಾಗ ಆ ಹುಡುಗರಿಗೆ ಏನನ್ನಿಸಿತೋ!

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಅನ್ನವನ್ನು ಮಾರುವುದು ಪಾಪವೆಂದು ನಂಬಿದ ಸಮಾಜ ನಮ್ಮದು. ಅನ್ನ ಕೊಡುವುದಾದರೆ ದಾನವಾಗಿ ಕೊಡಬೇಕು. ಆದರೆ ಆ ದಾನದ ಊಟದಲ್ಲಿ ಪಂಕ್ತಿಗಳಿದ್ದವು. ಒಳಗೆ ಯಾರು, ಹೊರಗೆ ಯಾರು, ಅಂಗಳದಲ್ಲಿ ಯಾರು, ಅಂಗಳದಾಚೆಗೆ ಯಾರು, ಎಲ್ಲವೂ ಹುಟ್ಟಿನಿಂದಲೇ ತೀರ್ಮಾನವಾಗಿರುತ್ತಿತ್ತು. ಮಾರಾಟದ ಅನ್ನಕ್ಕೆ ಪುಣ್ಯವಿಲ್ಲ; ಆದರೆ ಅದಕ್ಕೆ ಬೇರೊಂದು ಗುಣವಿತ್ತು. ನಾಣ್ಯಕ್ಕೆ ಕುಲವಿಲ್ಲ. ಕಾಸು ಕೊಟ್ಟವನಿಗೆ ಕುರ್ಚಿ. ಹಾಗಾದರೆ ಹೋಟೆಲೇ ಪಂಕ್ತಿಭೇದವನ್ನು ಮುರಿಯಿತೆಂದು ಹೇಳಿಬಿಡಬಹುದೆ? ನಮ್ಮ ಭಾಷಣಕಾರರು ಹಾಗೆ ಹೇಳುವುದುಂಟು. ಚರಿತ್ರೆ ಅಷ್ಟು ಸರಾಗವಾಗಿಲ್ಲ.

ಮದರಾಸಿನಲ್ಲಿಯೂ ‘ಬ್ರಾಹ್ಮಣರಿಗೆ ಮಾತ್ರ’ ಎಂಬ ಕೋಣೆಗಳಿದ್ದವು. ರೈಲು ನಿಲ್ದಾಣಗಳ ಊಟದ ಮನೆಗಳಲ್ಲಿ ಇಂಥ ಪ್ರತ್ಯೇಕ ಸ್ಥಳವನ್ನು ತೆಗೆದದ್ದು 1941ರಲ್ಲಿ, ಅದೂ ಚಳವಳಿ ನಡೆದ ಮೇಲೆ. ಹೋಟೆಲಿನ ಹಲಗೆಯ ಮೇಲೆ ‘ಬ್ರಾಹ್ಮಣ’ ಎಂಬ ಮಾತು ಇರಕೂಡದೆಂದು ಪೆರಿಯಾರರ ಅನುಯಾಯಿಗಳು 1957ರಲ್ಲಿ ತಿರುವಲ್ಲಿಕೇಣಿಯ ಒಂದು ಹೋಟೆಲಿನ ಮುಂದೆ ತಿಂಗಳುಗಟ್ಟಲೆ ನಿಂತರು. ಮಡಿಯ ಅಡಿಗೆ ಎಂಬ ಹೆಸರಿನಿಂದಲೇ ನಮ್ಮವರಿಗೆ ಗಿರಾಕಿಗಳು ಬಂದದ್ದು ನಿಜ; ಆ ಹೆಸರೇ ಬಾಗಿಲಿಗೆ ಅಡ್ಡವಾಗಿಯೂ ನಿಂತಿತೆಂಬುದು ಅಷ್ಟೇ ನಿಜ. ಆದರೂ ದೊಡ್ಡ ನಗರದಲ್ಲಿ ಒಂದು ಅನುಕೂಲವಿತ್ತು. ಅಲ್ಲಿ ಪಕ್ಕದ ಮೇಜಿನವನು ಯಾರೆಂದು ಯಾರಿಗೂ ಗೊತ್ತಿಲ್ಲ.

ಭಟ್ಟರು ಮದರಾಸಿನಲ್ಲಿ ಹದಿನೈದು ವರ್ಷಕ್ಕೂ ಮಿಕ್ಕಿ ಇದ್ದರು. ಲೋಟ ತೊಳೆಯುವುದರಿಂದ ಹಿಡಿದು ದೋಸೆಯ ಕಾವಲಿಯವರೆಗೆ ಎಲ್ಲ ಮೆಟ್ಟಿಲುಗಳನ್ನೂ ಹತ್ತಿದರು. 1942ರ ಏಪ್ರಿಲಿನಲ್ಲಿ ಜಪಾನಿನವರು ಬಾಂಬು ಹಾಕುತ್ತಾರೆಂಬ ಹೆದರಿಕೆಯಿಂದ ಮದರಾಸು ಖಾಲಿಯಾಯಿತು. ಸರಕಾರಿ ಕಚೇರಿಗಳೇ ಒಳನಾಡಿಗೆ ಹೋದವು. ಲಕ್ಷಗಟ್ಟಲೆ ಜನ ರೈಲು ಹತ್ತಿದರು. ಗಿರಾಕಿಗಳೇ ಇಲ್ಲದ ಮೇಲೆ ಮಾಣಿಗಳಿಗೇನು ಕೆಲಸ? ಭಟ್ಟರೂ ಟ್ರಂಕು ಹೊತ್ತು ಊರಿಗೆ ಬಂದರು. ಬಾಂಬು ಬೀಳಲಿಲ್ಲ, ಊರು ಮತ್ತೆ ತುಂಬಿತು. ಆದರೆ ಇವರು ಮರಳಿ ಹೋಗಲಿಲ್ಲ. ಇದ್ದಿಲಿನ ಗ್ಯಾಸಿನ ಬಸ್ಸುಗಳು ಏದುಸಿರು ಬಿಡುತ್ತ ಬಂದು ನಿಲ್ಲುತ್ತಿದ್ದ ಬೆಳ್ತಂಗಡಿಯಲ್ಲಿ ಒಂದು ಹಂಚಿನ ಮಾಡಿನ ಮನೆಯನ್ನು ಬಾಡಿಗೆಗೆ ಹಿಡಿದು, ಎರಡು ಬೆಂಚು, ಎರಡು ಮೇಜು ಹಾಕಿದರು.

ನನ್ನ ನೆನಪಿನ ಹೋಟೆಲು 1960ರ ಸುಮಾರಿನದು. ಆಣೆ ಹೋಗಿ ಹೊಸ ಪೈಸೆ ಬಂದು ಕೆಲವೇ ವರ್ಷಗಳಾಗಿದ್ದವು. ಬೆಳಿಗ್ಗೆ ಅವಲಕ್ಕಿ ಸಜ್ಜಿಗೆ, ಇಡ್ಲಿ ಸಾಂಬಾರು, ಸಂಜೆ ಗೋಳಿಬಜೆ. ಭಟ್ಟರು ಗಲ್ಲಾದ ಹಿಂದೆ ಕೂತಿರುತ್ತಿದ್ದರು. ಮದರಾಸಿನಲ್ಲಿ ಕಲಿತ ಒಂದು ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಹೊಸ್ತಿಲು ದಾಟಿದ ಪ್ರತಿಯೊಬ್ಬರಿಗೂ, ಮಳೆಯಲ್ಲಿ ತೊಯ್ದ ಹುಡುಗನಿರಲಿ, ತಹಶೀಲ್ದಾರರಿರಲಿ, ‘ಬನ್ನಿ, ಕೂತುಕೊಳ್ಳಿ’ ಎನ್ನುವರು. ನನಗೆ ಹತ್ತು ವರ್ಷವೂ ಆಗಿರದಿದ್ದಾಗ ‘ಬನ್ನಿ’ ಎಂದವರು ಪ್ರಪಂಚದಲ್ಲಿ ಅವರೊಬ್ಬರೇ. ಆ ಮರ್ಯಾದೆಗಾಗಿಯೇ ನಾನು ಅಜ್ಜನ ಬೆನ್ನು ಬಿಡುತ್ತಿರಲಿಲ್ಲ.

ಆ ಹೋಟೆಲಿಗೆ ಕಟ್ಟಿಗೆ ತರುವವನೊಬ್ಬನಿದ್ದ. ಆ ಕಾಲದ ಮಾತಿನಲ್ಲಿ ಮುಟ್ಟಬಾರದವರೆನಿಸಿದ ಜಾತಿಯವನು. ನಸುಕಿನಲ್ಲಿ ತಲೆಹೊರೆ ಹೊತ್ತು ತಂದು ಹಿತ್ತಿಲಲ್ಲಿ ಒಟ್ಟುವನು. ಅವನು ತಂದ ಕಟ್ಟಿಗೆಯಿಂದಲೇ ಇಡ್ಲಿ ಬೇಯಬೇಕು, ಕಾಫಿ ಕುದಿಯಬೇಕು. ಕೆಲಸ ಮುಗಿದ ಮೇಲೆ ಅವನು ಮುಂದೆ ಬಂದು ಜಗಲಿಯ ಕೆಳಗಿನ ಕಲ್ಲಿನ ಮೇಲೆ ಕೂರುತ್ತಿದ್ದ. ಮಾಡಿನ ಎಡೆಯಲ್ಲಿ ಸಿಕ್ಕಿಸಿದ ಒಂದು ಗ್ಲಾಸಿತ್ತು. ಅದನ್ನು ಅವನೇ ತೆಗೆದು ಕೆಳಗಿಡುವನು. ಮಾಣಿ ಬಂದು ಮೇಲಿನಿಂದ ಕಾಫಿ ಹೊಯ್ಯುವನು. ಕುಡಿದು, ತೊಳೆದು, ಮತ್ತೆ ಮಾಡಿನೆಡೆಗೆ ಸಿಕ್ಕಿಸಿ ಹೋಗುವನು. ಕಾಸು ಕೊಡುವುದೂ ಅಲ್ಲಿಯೇ, ಜಗಲಿಯ ಅಂಚಿನಲ್ಲಿಟ್ಟು. ನಾನು ಒಳಗೆ ಬೆಂಚಿನ ಮೇಲೆ ಕೂತು ಕಾಲು ಆಡಿಸುತ್ತ ಇದನ್ನು ನೂರು ಸಲ ನೋಡಿದ್ದೇನೆ. ವಿಚಿತ್ರವೆಂದು ಒಂದು ಸಲವೂ ಅನ್ನಿಸಲಿಲ್ಲ.

ಕಾನೂನು ಇರಲಿಲ್ಲವೆಂದಲ್ಲ. ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲುಗಳಿಗೆ ಪ್ರವೇಶಿಸಲು ಜಾತಿಯ ಕಾರಣದಿಂದ ಯಾರಿಗೂ ಅಡ್ಡಿಯಿರಬಾರದೆಂದು ಬಿಡಿಸಿ ಬರೆದಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯಂತೂ ಹೋಟೆಲಿನ ಪಾತ್ರೆ ಪಗಡಿಗಳನ್ನು ಬಳಸಲು ಬಿಡದಿರುವುದನ್ನೇ ಹೆಸರಿಸಿ ಶಿಕ್ಷೆಗೆ ಗುರಿಮಾಡಿತು. ದಿಲ್ಲಿಯಲ್ಲಿ ಕೂತು ಕಾಯಿದೆ ಬರೆದವರು ನಮ್ಮ ಮಾಡಿನೆಡೆಯ ಗ್ಲಾಸನ್ನು ಕಂಡೇ ಬರೆದರೋ ಎನ್ನುವಂತಿತ್ತು. ಆದರೂ ಗ್ಲಾಸು ಅಲ್ಲಿಯೇ ಇತ್ತು. ನಮ್ಮ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆಂದು ದುಡಿಯತೊಡಗಿ ಆಗ ಅರುವತ್ತು ವರ್ಷಗಳು ಕಳೆದಿದ್ದವು.

ಒಂದು ದಿನ ಆ ಗ್ಲಾಸು ಇಲ್ಲವಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗಿನ ಮಾತು. ಬಹಳ ವರ್ಷಗಳ ಬಳಿಕ ಭಟ್ಟರನ್ನು ಅದರ ವಿಷಯ ಕೇಳಿದೆ. ಕಾಯಿದೆಗೆ ಹೆದರಿ ತೆಗೆದಿರಾ ಎಂದೆ.

‘ಕಾಯಿದೆ ಬಂದದ್ದು ಪೇಪರಿನಲ್ಲಿ ಮಾಷ್ಟ್ರೆ. ನನ್ನ ಹೋಟೆಲಿಗೆ ಬಂದದ್ದು ಬಸ್ಸು’ ಎಂದರು ಅವರು. ‘ಘಟ್ಟದಿಂದ ಬಂದ ಬಸ್ಸಿನಲ್ಲಿ ನಲವತ್ತು ಜನ ಇಳೀತಾರೆ. ಹತ್ತು ನಿಮಿಷ ಸಮಯ. ಅವರ ಜಾತಿ ವಿಚಾರಿಸ್ತಾ ಕೂತರೆ ಬಸ್ಸು ಹೋಗಿಯಾಗ್ತದೆ. ಎಲ್ಲರೂ ಒಳಗೆ ಬಂದರು, ಎಲ್ಲರಿಗೂ ಒಂದೇ ನಮೂನೆ ಗ್ಲಾಸು. ಹಾಗೆ ಆದ ಮೇಲೆ ಹೊರಗಿನ ಆ ಒಂದು ಗ್ಲಾಸು ನೋಡ್ಲಿಕ್ಕೆ ನನಗೇ ಏನೋ ಆಯಿತು. ತೆಗೆದು ಬಿಸಾಡಿದೆ.’

ಅವರ ಈ ಮಾತಿನಲ್ಲಿ ಸಣ್ಣ ಪೇಟೆಯ ಚರಿತ್ರೆಯೆಲ್ಲ ಅಡಗಿದೆಯೆಂದು ನನಗೆ ಅನ್ನಿಸುತ್ತದೆ. ನಮ್ಮ ಹೋಟೆಲು ಮೊದಲು ಒಳಗೆ ಕರೆದದ್ದು ಅಪರಿಚಿತನನ್ನು. ಅವನು ಯಾರೋ ಏನೋ; ತಿಳಿಯದ್ದರಿಂದ ಅವನಿಗೆ ಬೆಂಚು ಸಿಕ್ಕಿತು. ನೆರೆಯವನು ಯಾರೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದುದರಿಂದಲೇ ಅವನು ಹೊರಗೆ ಉಳಿದ. ಮದರಾಸಿನಲ್ಲಿ ಎಲ್ಲರೂ ಅಪರಿಚಿತರಾದ್ದರಿಂದ ಅಲ್ಲಿಯ ಕೆಲಸ ಅರ್ಧ ಸುಲಭವಾಯಿತು. ಕಷ್ಟದ ಅರ್ಧ ಬೆಳ್ತಂಗಡಿಯಂಥ ಊರುಗಳ ಪಾಲಿಗೆ ಬಂತು.

ಗ್ಲಾಸು ಹೋದ ಮೇಲೆಯೂ ಕಟ್ಟಿಗೆಯವನು ಒಳಗೆ ಬರಲಿಲ್ಲ. ಅದೇ ಕಲ್ಲಿನ ಮೇಲೆ ಕೂತ. ಒಳಗಿನವರು ಕುಡಿಯುವ ಗ್ಲಾಸಿನಲ್ಲಿಯೇ ಕಾಫಿ ಈಗ ಅವನ ಕೈಗೇ ಹೋಗುತ್ತಿತ್ತು. ಇಷ್ಟು ಸುಧಾರಣೆಯಾಯಿತೆಂದು ನಾವೆಲ್ಲ ಸಂತೋಷಪಟ್ಟೆವು.

1974ರ ಮಾರ್ಚ್ 1ರಂದು ಭೂಸುಧಾರಣೆಯ ಹೊಸ ಕಾಯಿದೆ ಜಾರಿಗೆ ಬಂತು. ಉಳುವವನೇ ಒಡೆಯನಾಗುವ ಕಾಲ. ನಾನು ಆಗತಾನೆ ಮಾಸ್ತರನಾಗಿದ್ದೆ. ಗೇಣಿದಾರರು ಏಳನೆಯ ನಮೂನೆಯ ಡಿಕ್ಲರೇಶನ್ ತುಂಬಿಸಲು ಓದುಬರಹ ಬಲ್ಲವರನ್ನು ಹುಡುಕುತ್ತಿದ್ದರು. ಭಟ್ಟರ ಹೋಟೆಲಿನ ಮೂಲೆಯ ಮೇಜೇ ನನ್ನ ಕಚೇರಿಯಾಯಿತು. ಅಲ್ಲಿ ಕೂತು ಎಷ್ಟೋ ಜನರ ಸರ್ವೆ ನಂಬರುಗಳನ್ನು ಬರೆದೆ. ಆವರೆಗೆ ಧಣಿಗಳ ಮುಂದೆ ನಿಂತೇ ಮಾತಾಡುತ್ತಿದ್ದವರು ಅಲ್ಲಿ ಕುರ್ಚಿ ಎಳೆದು ಕೂತರು, ನನಗೂ ಕಾಫಿ ಹೇಳಿದರು. ಭಟ್ಟರ ಮನೆತನದ ಅಳಿದುಳಿದ ಗದ್ದೆಯೂ ಅದೇ ಮೇಜಿನಿಂದ ಗೇಣಿಯವನಿಗೆ ಹೋಯಿತು. ‘ಗದ್ದೆಯನ್ನು ಮೊದಲು ಹೊಳೆ ತಿಂದಿತು, ಈಗ ನಿಮ್ಮ ಪೆನ್ನು ತಿಂದಿತು’ ಎಂದು ನಕ್ಕರೇ ಹೊರತು ಕಾಫಿ ನಿಲ್ಲಿಸಲಿಲ್ಲ. ಗದ್ದೆ ಕಳೆದುಕೊಂಡ ಎಷ್ಟೋ ಮನೆಗಳ ಹುಡುಗರು ಆ ವರ್ಷಗಳಲ್ಲಿ ಮತ್ತೆ ಬೆಂಗಳೂರಿನ ಹೋಟೆಲುಗಳ ದಾರಿ ಹಿಡಿದರು.

ಆದರೆ ಕಟ್ಟಿಗೆಯವನಿಗೆ ನಾನು ಬರೆಯುವಂಥದು ಏನೂ ಇರಲಿಲ್ಲ. ಅವನು ಗೇಣಿದಾರನಲ್ಲ, ಕೂಲಿಯವನು. ಗೇಣಿಚೀಟಿ ಇಲ್ಲದವನಿಗೆ, ಉಳುವ ಗದ್ದೆಯೇ ಇಲ್ಲದವನಿಗೆ ಯಾವ ನಮೂನೆ? ಒಳಗೆ ಡಿಕ್ಲರೇಶನ್ನುಗಳ ಸಂಭ್ರಮ ನಡೆದಿದ್ದಾಗ ಅವನು ಕಲ್ಲಿನ ಮೇಲೆ ಕೂತು ಕಾಫಿ ಕುಡಿದು ಎದ್ದು ಹೋದ. ಮುಂದೆ ಕೆಲವು ವರ್ಷಗಳಿಗೆ ತೀರಿಕೊಂಡ. ಅವನ ಮಗ ಓದಿ ಸರಕಾರಿ ನೌಕರಿಗೆ ಸೇರಿದ. ಅವನು ಒಂದು ದಿನ ಬಂದು, ನೇರವಾಗಿ ಒಳಗೆ ನಡೆದು, ಫ್ಯಾನಿನ ಕೆಳಗಿನ ಮೇಜಿಗೆ ಕೂತು ಮಸಾಲೆದೋಸೆ ಹೇಳಿದ್ದನ್ನು ನಾನು ಕಂಡಿದ್ದೇನೆ. ಭಟ್ಟರು ಗಲ್ಲಾದಿಂದ ‘ಬನ್ನಿ, ಕೂತುಕೊಳ್ಳಿ’ ಎಂದರು. ಅವನು ಆಗಲೇ ಕೂತಾಗಿತ್ತು.

ತೊಂಬತ್ತರ ಹತ್ತಿರ ಬಂದಾಗ ಭಟ್ಟರು ಹೋಟೆಲನ್ನು ಮುಚ್ಚಿದರು. ಮಕ್ಕಳು ಬೇರೆ ಬೇರೆ ಊರುಗಳಲ್ಲಿದ್ದರು. ರುಬ್ಬುವ ಕಲ್ಲಿನ ಬದಲು ಗ್ರೈಂಡರು, ಕಟ್ಟಿಗೆಯ ಬದಲು ಗ್ಯಾಸು ಬಂದು ಬಹಳ ಕಾಲವಾಗಿತ್ತು. ಕೊನೆಯ ವರ್ಷ ನಾನು ನೋಡಲು ಹೋದಾಗ ಮಾತು ಕಡಂದಲೆಯ ಕೃಷ್ಣರಾಯರ ಕಡೆಗೆ ಹೊರಳಿತು. ಮದರಾಸಿನಲ್ಲಿ ಅವರನ್ನು ದೂರದಿಂದ ಕಂಡಿದ್ದುದನ್ನು ಭಟ್ಟರು ಬಹಳ ಅಭಿಮಾನದಿಂದ ಹೇಳಿದರು. ನಾನು ಸಮಾಧಾನಕ್ಕೆಂದು, ನಿಮ್ಮದೂ ಸಣ್ಣ ಆಯುಷ್ಯವಲ್ಲ, ಅರುವತ್ತು ವರ್ಷ ಊರಿಗೆಲ್ಲ ಉಣ್ಣಿಸಿದಿರಿ, ಭೇದವನ್ನೂ ತೆಗೆದಿರಿ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಗ್ಲಾಸು ತೆಗೆದೆ, ಹೌದು. ಆ ಕಟ್ಟಿಗೆಯವ ಒಳಗೆ ಬರ್ಲಿಲ್ಲ, ಅವನಿಗೇ ಅಭ್ಯಾಸ ಇಲ್ಲ ಅಂತ ನಾನು ಎಲ್ಲರ ಹತ್ರ ಹೇಳ್ತಿದ್ದೆ. ನಿಮ್ಮ ಹತ್ರವೂ ಹೇಳಿರಬಹುದು. ಬಾಗಿಲಿಗೆ ಬಂದ ನಾಯಿಯನ್ನು ಬಿಟ್ಟು ಎಲ್ಲರಿಗೂ ಬನ್ನಿ ಕೂತುಕೊಳ್ಳಿ ಅಂದವ ನಾನು. ಅವನಿಗೆ ಅನ್ಲಿಲ್ಲ ಮಾಷ್ಟ್ರೆ. ಒಂದು ಸಲ ಅಂದಿದ್ರೆ ಬರ್ತಿದ್ನೋ ಏನೋ.’

ನಾನು ಉತ್ತರ ಕೊಡಲಿಲ್ಲ. ಅದೇ ಮೇಜಿನಲ್ಲಿ ಕೂತು ನಮೂನೆಗಳನ್ನು ತುಂಬಿದವನು ನಾನು. ಅವನನ್ನು ಒಳಗೆ ಕರೆಯಲು ನನಗೂ ಬಾಯಿತ್ತು.

ಕೃಷ್ಣರಾಯರ ಡ್ರೈವ್-ಇನ್ ಹೋಟೆಲು 2008ರಲ್ಲಿ ಮುಚ್ಚಿ, ಆ ಜಾಗ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಾಗಿದೆ. ಭಟ್ಟರ ಹೋಟೆಲಿದ್ದಲ್ಲಿ ಈಗ ಮೊಬೈಲಿನ ಅಂಗಡಿಯಿದೆ. ಹಂಚಿನ ಮಾಡನ್ನು ತೆಗೆದು ಸಿಮೆಂಟಿನ ತಾರಸಿ ಹಾಕಿದ್ದಾರೆ. ಜಗಲಿಯ ಕೆಳಗಿನ ಆ ಕಲ್ಲು ಮಾತ್ರ, ಎತ್ತಲು ಭಾರವೆಂದೋ ಏನೋ, ಇದ್ದಲ್ಲಿಯೇ ಇದೆ. ಬಸ್ಸಿಗೆ ಕಾಯುವವರು ಅದರ ಮೇಲೆ ಕೂರುತ್ತಾರೆ. ನಾನೂ ಕೆಲವೊಮ್ಮೆ ಕೂತದ್ದುಂಟು. ಅಲ್ಲಿಂದ ನೋಡಿದರೆ ಒಳಗಿನದೆಲ್ಲ ಚೆನ್ನಾಗಿ ಕಾಣಿಸುತ್ತದೆ.